ಒಂದು ಬಾತು ಕಡಿಮೆ

ಕಳೆದ ಇಪ್ಪತ್ತಾರು ವರ್ಷಗಳಲ್ಲಿ ನೀವು ಬೇರೆ ಭಾಷೆಯಿಂದ ಡಬ್ ಆದ ಒಂದಾದರೂ ಸಿನಿಮಾ ನೋಡಿದ್ದರೆ ಗದ್ದಲದಕ್ಕನ ದನಿ ನಿಮ್ಮ ಕಿವಿಗೆ ಬಿದ್ದೇ ಇರುತ್ತದೆ. ಹಡಗು ಮುಳುಗುವಾಗ ಕಿರುಚುವ ಹೆಂಗಸರಲ್ಲಿ ಮೂವರು ಅವಳೇ. ಕೋರ್ಟಿನಲ್ಲಿ ತೀರ್ಪು ಕೇಳಿ "ಹಾ!" ಎಂದು ಉಸಿರೆಳೆಯುವ ಮುದುಕಿ ಅವಳು, ಆಸ್ಪತ್ರೆಯ ಪಡಸಾಲೆಯಲ್ಲಿ ಯಾರನ್ನೋ ಕರೆಯುವ ನರ್ಸು ಅವಳು, ರಾಕ್ಷಸ ಬಂದನೆಂದು ಓಡುವ ಊರಿಗೆ ಊರೇ ಅವಳು. ನಾಯಕಿ ಅತ್ತರೆ ಅದು ಬೇರೆಯವರ ದನಿ. ನಾಯಕಿ ಅಳುವುದನ್ನು ನೋಡಿ "ಅಯ್ಯೋ ಪಾಪ" ಅನ್ನುವವರು ಯಾರಾದರೂ ಇದ್ದರೆ ಅದು ಗದ್ದಲದಕ್ಕ.

ಸ್ವಂತಕ್ಕೊಂದು ಹೆಸರು ಅವಳಿಗೂ ಇತ್ತು. ಮತದಾರರ ಪಟ್ಟಿಯಲ್ಲಿತ್ತು, ಕರೆಂಟ್ ಬಿಲ್ಲಿನಲ್ಲಿತ್ತು, ಮೂರೇ ವರ್ಷ ಸಂಸಾರ ಮಾಡಿ ಇನ್ನೊಂದೂರಿನಲ್ಲಿ ಇನ್ನೊಂದು ಮದುವೆ ಮಾಡಿಕೊಂಡ ಪುಣ್ಯಾತ್ಮನ ವಿಚ್ಛೇದನದ ಕಾಗದದಲ್ಲೂ ಇತ್ತು. ಸಿನಿಮಾದ ಕೊನೆಯಲ್ಲಿ ಓಡುವ ಹೆಸರುಗಳ ಪಟ್ಟಿಯಲ್ಲಿ ಮಾತ್ರ ಇರಲಿಲ್ಲ. ಅಲ್ಲಿ ನಾಯಕನಿಗೆ ದನಿ ಕೊಟ್ಟವನ ಹೆಸರು ಬರುತ್ತಿತ್ತು, ನಾಯಕನ ಕುದುರೆಗೆ ದನಿ ಕೊಟ್ಟವನ ಹೆಸರು ಬರುತ್ತಿತ್ತು, ಸ್ಟುಡಿಯೋಗೆ ಟೀ ತಂದುಕೊಟ್ಟವನ ಹೆಸರೂ ಬರುತ್ತಿತ್ತು. ಎಲ್ಲ ಮುಗಿದ ಮೇಲೆ ತಳದಲ್ಲಿ "ಮತ್ತು ಇತರರು" ಎಂದು ಒಂದು ಸಾಲು. ಇಪ್ಪತ್ತಾರು ವರ್ಷದಿಂದ ಆ ಇತರರು ಗದ್ದಲದಕ್ಕ ಒಬ್ಬಳೇ.

ಗುಂಪಿನ ಮಾತನ್ನು ಯಾರೂ ಬರೆದುಕೊಡುವುದಿಲ್ಲ. ಬಾಯಿ ಆಡುತ್ತಿರಬೇಕು, ಆಡಿದ್ದು ಅರ್ಥವಾಗಬಾರದು, ಅಷ್ಟೇ ಕಾನೂನು. ಹೀಗಾಗಿ ಗದ್ದಲದಕ್ಕ ತನ್ನ ಮನೆಯ ಯೋಚನೆಗಳನ್ನೆಲ್ಲ ಆ ಗುಂಪಿನೊಳಗೆ ತುರುಕಿ ಹಗುರಾಗುತ್ತಿದ್ದಳು. ದುಷ್ಟ ರಾಜನನ್ನು ಗಲ್ಲಿಗೇರಿಸಿರೆಂದು ಸಾವಿರ ಜನ ಬೊಬ್ಬೆ ಹಾಕುವ ಒಂದು ಗಂಭೀರ ದೃಶ್ಯದಲ್ಲಿ, ಕಿವಿಯಿಟ್ಟು ಕೇಳಿದರೆ, "ಗ್ಯಾಸ್ ಮುಗೀತು! ಗ್ಯಾಸ್ ಮುಗೀತು!" ಎಂಬ ಹೆಣ್ಣುದನಿ ಇದೆ. ಸಾಧುವೊಬ್ಬನ ಸಾವಿಗೆ ಊರೆಲ್ಲ ಗೋಳಿಡುವಾಗ ಅವಳು ಅತ್ತದ್ದು ಮನೆಯ ಮಾಲೀಕ ನಲ್ಲಿ ರಿಪೇರಿ ಮಾಡಿಸದ್ದಕ್ಕೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಸ್ಟುಡಿಯೋ ಇದ್ದದ್ದು ಟಯರ್ ಅಂಗಡಿಯ ಮೇಲಿನ ಎರಡನೇ ಮಹಡಿಯಲ್ಲಿ. ಗೋಡೆಗೆಲ್ಲ ಬೂದುಬಣ್ಣದ ಸ್ಪಂಜು, ಒಂದು ಮೈಕು, ಒಂದು ಪರದೆ, ನಡುವೆ ದಪ್ಪ ಗಾಜು. ಗಾಜಿನ ಆಚೆ ಸೌಂಡಿನವನು ಕೂರುತ್ತಿದ್ದ. ಬೆನ್ನುನೋವಿನ ಮನುಷ್ಯ, ಮಾತು ಕಡಿಮೆ. ರೆಕಾರ್ಡಿಂಗ್ ಹೊತ್ತಿಗೆ ಫ್ಯಾನ್ ಆರಿಸಬೇಕು, ಬಳೆ ತೆಗೆಯಬೇಕು, ಬರುವ ಮೊದಲು ಎರಡು ಬಿಸ್ಕತ್ತಾದರೂ ತಿಂದಿರಬೇಕು. ಖಾಲಿ ಹೊಟ್ಟೆ ಗುರುಗುಟ್ಟಿದರೆ ಮೈಕು ಅದನ್ನೂ ಬಿಡುತ್ತಿರಲಿಲ್ಲ. ಈ ರಾಜ್ಯವನ್ನು ಆಳುತ್ತಿದ್ದವರು ಡಬ್ಬಿಂಗ್ ನಿರ್ದೇಶಕರು. ಎಲ್ಲರೂ ಅವರನ್ನು ತುಟಿ ಮೇಷ್ಟ್ರು ಅನ್ನುತ್ತಿದ್ದರು. ಪರದೆಯ ಮೇಲಿನ ತುಟಿ ಮುಚ್ಚಿದಾಗ ನಮ್ಮ ಮಾತೂ ಮುಚ್ಚಬೇಕು, ತೆರೆದಾಗ ತೆರೆಯಬೇಕು. ಅವರ ವೇದಾಂತವೆಲ್ಲ ಇಷ್ಟರಲ್ಲಿ ಮುಗಿದುಹೋಗುತ್ತಿತ್ತು. ಸಿನಿಮಾದಲ್ಲಿ ಕಥೆ ಅಂತ ಒಂದು ಇರುತ್ತದೆ ಎಂದು ಅವರಿಗೆ ಯಾರೋ ಹೇಳಿದ್ದರು, ಅವರು ನಂಬಿರಲಿಲ್ಲ.

ಆ ವರ್ಷ ಬಂದದ್ದು ಬಾತುಕೋಳಿಗಳ ಸಿನಿಮಾ. ಎಲ್ಲೋ ದೂರದಲ್ಲಿ ಮಾಡಿದ ಮಕ್ಕಳ ಕಾರ್ಟೂನು. ಕಳ್ಳಕಾಪಿಯ ಭಯಕ್ಕೆ ಕಂಪನಿಯವರು ಪೂರ್ತಿ ಸಿನಿಮಾ ಕಳಿಸುತ್ತಿರಲಿಲ್ಲ. ಇವತ್ತೊಂದು ತುಂಡು, ನಾಳೆ ಇನ್ನೊಂದು, ಅದೂ ಹಿಂದುಮುಂದಾಗಿ. ಪ್ರತಿಯೊಬ್ಬ ಕಲಾವಿದನೂ ಒಬ್ಬನೇ ಬಂದು ತನ್ನ ಪಾತ್ರದ ಮಾತಷ್ಟನ್ನೇ ಹೇಳಿ ಮನೆಗೆ ಹೋಗುತ್ತಿದ್ದ. ಮದುವೆಯಾಗುವ ರಾಜಕುಮಾರನಿಗೂ ರಾಜಕುಮಾರಿಗೂ ದನಿ ಕೊಟ್ಟವರು ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಎಲ್ಲ ತುಂಡಿನಲ್ಲೂ ಗುಂಪು ಇರುತ್ತದಾದ್ದರಿಂದ ಎಲ್ಲ ತುಂಡನ್ನೂ ನೋಡುತ್ತಿದ್ದವಳು ಗದ್ದಲದಕ್ಕ ಒಬ್ಬಳೇ. ಮೇಷ್ಟ್ರೂ ನೋಡುತ್ತಿದ್ದರು, ಆದರೆ ಮೂಗಿನಿಂದ ಕೆಳಗೆ, ಗಲ್ಲದಿಂದ ಮೇಲೆ.

ಈ ಸಿನಿಮಾದಲ್ಲಿ ಇನ್ನೊಂದು ಭಾಗ್ಯ ಕಾದಿತ್ತು. ರಾಣಿಯ ಪಾತ್ರಕ್ಕೆಂದು ಗೊತ್ತುಮಾಡಿದ್ದ ಟೀವಿ ನಟಿ ಗಂಟಲು ಕಟ್ಟಿ ಹಾಸಿಗೆ ಹಿಡಿದಳು. ರಾಣಿಗೆ ಇದ್ದದ್ದು ಮೊದಲ ತುಂಡಿನಲ್ಲಿ ನಾಲ್ಕು ಮಾತು, ಕೊನೆಯ ತುಂಡಿನಲ್ಲಿ ಒಂದು. ನಡುವೆಲ್ಲ ಅವಳು ಬಾತುಕೋಳಿ. ಮೇಷ್ಟ್ರು ಗದ್ದಲದಕ್ಕನನ್ನು ಮೇಲಿಂದ ಕೆಳಗೆ ನೋಡಿ, "ಏನಮ್ಮಾ, ರಾಣಿ ಆಗ್ತೀಯಾ? ಹೆಸರು ಹಾಕಿಸ್ತೀನಿ," ಅಂದರು. ಅವಳು ಮೆಟ್ಟಿಲಿಳಿದು ಟಯರ್ ಅಂಗಡಿ ದಾಟುವವರೆಗೆ ತಡೆದುಕೊಂಡು, ಆಮೇಲೆ ಬೀದಿಯಲ್ಲೇ ನಕ್ಕಳು.

ಮನೆಯಲ್ಲಿ ಅಮ್ಮನಿಗೆ ಹೇಳಿದ್ದೇ ತಪ್ಪಾಯಿತು. ಅಮ್ಮನಿಗೆ ಎಂಬತ್ತೊಂದು, ಮೊಣಕಾಲು ಎರಡೂ ಹೋಗಿದ್ದವು, ನಾಲಿಗೆ ಮಾತ್ರ ಹೊಸದರಂತಿತ್ತು. ಅವಳು ಕಿಟಕಿಯಲ್ಲಿ ಕೂತೇ ಸಂಜೆಯೊಳಗೆ ಇಡೀ ಬೀದಿಗೆ ಸುದ್ದಿ ಮುಟ್ಟಿಸಿದಳು. "ನನ್ನ ಮಗಳು ರಾಣಿ. ಹೆಸರು ಬರುತ್ತೆ, ಪರದೆ ಮೇಲೆ, ಇಷ್ಟು ದೊಡ್ಡದಾಗಿ," ಎಂದು ಎರಡೂ ಕೈ ಅಗಲಿಸಿ ತೋರಿಸಿದಳು. ಇಸ್ತ್ರಿ ಅಂಗಡಿಯವನು ಅವತ್ತಿನಿಂದ ಗದ್ದಲದಕ್ಕ ಬಂದರೆ ಎದ್ದು ನಿಲ್ಲತೊಡಗಿದ.

ಮಂಗಳವಾರ ಬಂದದ್ದು ನಾಲ್ಕನೇ ತುಂಡು. ರಾಜಕುಮಾರನೊಬ್ಬ ಕಾಡಿನಲ್ಲಿ ದಾರಿ ತಪ್ಪಿ, ಹಸಿದು, ಸರೋವರದ ದಂಡೆಗೆ ಬರುತ್ತಾನೆ. ದುಂಡಗಿನ ಒಂದು ಬಾತುಕೋಳಿ ಮಿಕ್ಕವುಗಳ ಹಿಂದೆ ಹಿಂದೆ, ಎಣಿಸಿಕೊಂಡು ಬರುವಂತೆ, ಕುಂಡಿ ಅಲ್ಲಾಡಿಸುತ್ತ ಬರುತ್ತಿರುತ್ತದೆ. ರಾಜಕುಮಾರ ಅದರ ಕುತ್ತಿಗೆ ಹಿಡಿದು ಬೆಂಕಿಯ ಮೇಲಿಟ್ಟು, ಹಾಡು ಹೇಳುತ್ತ ತಿನ್ನುತ್ತಾನೆ. ಹಾಡು ತಮಾಷೆಯದು. ಕೊನೆಗೆ ತೇಗುತ್ತಾನೆ, ತೇಗಿನ ಜೊತೆ ಬಾಯಿಂದ ಒಂದು ಗರಿ ಹೊರಗೆ ಹಾರುತ್ತದೆ. ಹಿಡಿದಾಗ ಬಾತು ಒಂದು ಸಲ "ಕ್ವಾಕ್" ಎನ್ನಬೇಕು. ಆ ಕ್ವಾಕ್ ಗದ್ದಲದಕ್ಕನದು. ಎರಡನೇ ಸಲಕ್ಕೇ ಸರಿಹೋಯಿತು. ಸೌಂಡಿನವನು ನಕ್ಕ, ಅವಳೂ ನಕ್ಕಳು, ಟೀ ಕುಡಿದು ಮನೆಗೆ ಬಂದಳು.

ಶುಕ್ರವಾರ ಒಂದನೇ ತುಂಡು ಬಂತು. ಅರಮನೆಯ ಬಾಗಿಲಿಗೆ ಹಸಿದ ಮುದುಕಿಯೊಬ್ಬಳು ಬಂದು ಊಟ ಕೇಳುತ್ತಾಳೆ. ರಾಜ, ರಾಣಿ, ಮಂತ್ರಿ ಎಲ್ಲರೂ "ಆಚೆ ನೂಕಿ" ಅನ್ನುತ್ತಾರೆ. ಅಡುಗೆಮನೆಯ ಹಿಂಬಾಗಿಲಿನಿಂದ ಅಡುಗೆಯವಳು ಮಾತ್ರ ತಲೆ ಹೊರಗೆ ಹಾಕಿ, ಬೆರಳು ಮಡಿಸಿ ತಲೆ ಎಣಿಸಿ, ಮುದುಕಿಯನ್ನೂ ಸೇರಿಸಿಕೊಂಡು, "ಊಟಕ್ಕೆ ಎಷ್ಟು ಜನ? ನಲವತ್ತೆರಡಾ?" ಎಂದು ಕೇಳುತ್ತಾಳೆ. ಆ ಒಂದು ಮಾತನ್ನೂ ಗದ್ದಲದಕ್ಕನೇ ಹೇಳಿದಳು. ಮುದುಕಿ ಮಾಟಗಾತಿ ಎಂದು ನಿಮಗೆ ಹೇಳಬೇಕಾಗಿಲ್ಲ. "ಊಟ ಕೊಡದ ಮನೆಯವರೆಲ್ಲ ಊಟವಾಗುವ ಜನ್ಮಕ್ಕೆ ಹೋಗಿ!" ಎಂದು ಅವಳು ಕೋಲು ಬೀಸುತ್ತಾಳೆ. ಕೊಟ್ಟವರು, ಕೊಡದವರು ಎಂದು ನೋಡುವ ವ್ಯವಧಾನ ಅವಳಿಗಿಲ್ಲ. ನಲವತ್ತೊಂದು ಜನವೂ ಬಾತುಗಳಾಗಿ ಸರೋವರಕ್ಕೆ ಬೀಳುತ್ತಾರೆ. ಗುರುತು ಸಿಗಲೆಂದು ಚಿತ್ರ ಬರೆದವರು ಒಬ್ಬೊಬ್ಬರಿಗೂ ಒಂದೊಂದು ಲಕ್ಷಣ ಇಟ್ಟಿದ್ದರು: ರಾಜನಿಗೆ ಕಿರೀಟದಂಥ ಜುಟ್ಟು, ರಾಣಿಗೆ ನೀಲಿ ಕತ್ತು. ಅಡುಗೆಯವಳಿಗೆ ಎದೆಯ ಮೇಲೆ ಏಪ್ರನ್ನಿನ ಆಕಾರದ ಬಿಳಿ ಮಚ್ಚೆ, ಎಡಗಡೆಯ ರೆಕ್ಕೆಯ ತುದಿ ಸುಟ್ಟು ಕಪ್ಪು.

ಗದ್ದಲದಕ್ಕ ಪರದೆಯ ಹತ್ತಿರಕ್ಕೆ ಬಗ್ಗಿದಳು. ಮಂಗಳವಾರದ ಬಾತಿನ ಎದೆಯ ಮೇಲೂ ಆ ಬಿಳಿ ಮಚ್ಚೆ ಇತ್ತು. ರೆಕ್ಕೆಯ ತುದಿ ಕಪ್ಪಗಿತ್ತು. ಮಂಗಳವಾರ ಅದನ್ನು ಕೊಂದ ಬಾಯಿಂದಲೇ ಶುಕ್ರವಾರ ಅದಕ್ಕೆ ಮಾತು ಕೊಟ್ಟಿದ್ದಳು.

"ಮಂಗಳವಾರದ ತುಂಡು ಇನ್ನೊಂದ್ಸಲ ಹಾಕ್ತೀಯಾ?" ಎಂದು ಗಾಜಿನ ಆಚೆಗೆ ಕೇಳಿದಳು. ಸೌಂಡಿನವನು ಹಾಕಿದ. ಇಬ್ಬರೂ ನೋಡಿದರು. ಗರಿ ಹಾರಿತು. ಗರಿಯ ತುದಿಯೂ ಕಪ್ಪು.

"ಅಕ್ಕಾ," ಅಂದ ಅವನು, "ಇದು ಮಕ್ಕಳ ಸಿನಿಮಾ ಅಂದ್ರಲ್ಲ?"

ಸಂಜೆ ಕಥೆಯನ್ನೆಲ್ಲ ಅಮ್ಮನಿಗೆ ಹೇಳಿದಳು. ಅಮ್ಮ ಮೂವತ್ತೊಂದು ವರ್ಷ ಹುಡುಗಿಯರ ಹಾಸ್ಟೆಲಿನಲ್ಲಿ ಅಡುಗೆ ಮಾಡಿದವಳು. ಅವಳಿಗೆ ಇಂಥ ಕಥೆಯಲ್ಲಿ ಕಣ್ಣೀರು ಬರುವುದಿಲ್ಲ, ಲೆಕ್ಕ ಬರುತ್ತದೆ.

"ಎಷ್ಟು ವರ್ಷ ಬಾತಾಗಿದ್ರು?"

"ಏಳು."

"ಏಳು ವರ್ಷ ಮೊಟ್ಟೆ ಇಡ್ಲಿಲ್ವಾ?"

ಗದ್ದಲದಕ್ಕ ಈ ದಿಕ್ಕಿನಲ್ಲಿ ಯೋಚಿಸಿರಲಿಲ್ಲ.

"ಇಟ್ಟಿರ್ತಾವೆ," ಅಂದಳು ಅಮ್ಮ. "ಮರಿಯಾಗಿದ್ರೆ ಆ ಮರಿಗಳು ಮನುಷ್ಯರಾದ್ವಾ, ಬಾತಾಗೇ ಉಳಿದ್ವಾ? ಮರಿಯಾಗಿಲ್ಲ ಅಂದ್ರೆ ಆ ಮೊಟ್ಟೆ ಯಾರ ಹೊಟ್ಟೆಗೆ ಹೋಯ್ತು? ಆ ಹುಡುಗ ಬೆಳಿಗ್ಗೆ ಏನು ತಿಂತಾನೆ?"

"ಆಮ್ಲೆಟ್ಟು," ಎಂದು ಗದ್ದಲದಕ್ಕ ಮೆಲ್ಲಗೆ ಹೇಳಿದಳು. ಮೊದಲೇ ಬಂದಿದ್ದ ಐದನೇ ತುಂಡಿನಲ್ಲಿ ಇತ್ತು.

"ನೋಡು ಮತ್ತೆ. ಶಾಪ ಹೇಗೆ ಹೋಯ್ತು?"

ಅದನ್ನು ಹೇಳಲು ಅವಳಿಗೇ ನಾಚಿಕೆಯಾಯಿತು. ಆರನೇ ತುಂಡಿನಲ್ಲಿ ರಾಜಕುಮಾರನಿಗೆ ಮತ್ತೆ ಹಸಿವಾಗುತ್ತದೆ. ಈ ಸಲ ಕೈಗೆ ಸಿಕ್ಕುವುದು ರಾಜಕುಮಾರಿ ಬಾತು: ತೆಳ್ಳಗಿನ ಸೊಂಟ, ಉದ್ದನೆಯ ರೆಪ್ಪೆ. ಅವನು ಅದರ ಕಣ್ಣು ನೋಡಿ ಮರುಗಿ, ಹಸಿದುಕೊಂಡೇ ಬಿಟ್ಟುಬಿಡುತ್ತಾನೆ. ನಿಜವಾದ ಪ್ರೀತಿಗೆ ಶಾಪ ಕರಗುತ್ತದೆ.

ಅಮ್ಮ ಬೊಚ್ಚುಬಾಯಿ ತೆರೆದು ನಕ್ಕಳು. "ದಪ್ಪಗಿದ್ದವಳನ್ನ ತಿಂದ, ತೆಳ್ಳಗಿದ್ದವಳನ್ನ ಕಟ್ಕೊಂಡ. ಇದಕ್ಕೆ ಪ್ರೀತಿ ಅಂತಾರಾ? ಮದುವೆ ಊಟ ಇತ್ತಾ?"

"ಕೊನೇ ತುಂಡು ಇನ್ನೂ ಬಂದಿಲ್ಲ. ಇರುತ್ತೆ."

"ಯಾರು ಮಾಡಿದ್ದು? ಅಡುಗೆಯವಳು ಅವನ ಹೊಟ್ಟೇಲಿದಾಳೆ."

ನಗು ನಿಂತ ಮೇಲೆ ಅಮ್ಮ ಗೋಡೆಯ ಕಡೆ ತಿರುಗಿದಳು. ಹಾಸ್ಟೆಲಿನಲ್ಲಿ ಒಲೆ ಹಚ್ಚುವ ಮೊದಲು ತಲೆ ಎಣಿಸುವುದು ಅವಳ ಕ್ರಮವಾಗಿತ್ತು. ಹುಡುಗಿಯರು ನಿಂತಲ್ಲಿ ನಿಲ್ಲುವವರಲ್ಲವಾದ್ದರಿಂದ ಅವಳು ಊಟದ ಕೋಣೆಯ ಬಾಗಿಲಲ್ಲಿ ಚಪ್ಪಲಿ ಎಣಿಸುತ್ತಿದ್ದಳು. ನೂರ ಹನ್ನೆರಡು ಜೊತೆ. ಒಂದು ದಿನ ನೂರ ಹನ್ನೊಂದೇ ಬಂತು. ಯಾರಿಗೂ ಗೊತ್ತಿರಲಿಲ್ಲ, ವಾರ್ಡನ್ನಿಗೂ ಗೊತ್ತಿರಲಿಲ್ಲ. ಅಮ್ಮ ಕೈಯಲ್ಲಿ ಸೌಟು ಹಿಡಿದೇ ಮೂರು ಮಹಡಿ ಹತ್ತಿ, ಒಂದೊಂದೇ ಬಾಗಿಲು ಬಡಿದು, "ಯಾರು ಬಂದಿಲ್ಲ? ಯಾರು ಬಂದಿಲ್ಲ?" ಎಂದು ಕೂಗುತ್ತ ಹೋದಳು. ಕೊನೆಯ ಕೋಣೆಯಲ್ಲಿ ಒಬ್ಬ ಹುಡುಗಿ ಜ್ವರದಲ್ಲಿ ಪ್ರಜ್ಞೆ ತಪ್ಪಿ ಬಿದ್ದಿದ್ದಳು. ಹುಡುಗಿ ಉಳಿದಳು. ಮುಂದಿನ ತಿಂಗಳು ಹಾಸ್ಟೆಲಿನ ಇಪ್ಪತ್ತೈದನೇ ವರ್ಷದ ಫೋಟೋ ತೆಗೆದರು. ಆ ಫೋಟೋ ಈಗಲೂ ಅಮ್ಮನ ಮಂಚದ ಮೇಲಿನ ಗೋಡೆಯಲ್ಲಿದೆ. ಹುಡುಗಿಯರಿದ್ದಾರೆ, ವಾರ್ಡನ್ ಇದ್ದಾರೆ, ಕಾವಲುಗಾರನಿದ್ದಾನೆ, ಕಾವಲುಗಾರನ ನಾಯಿಯೂ ಇದೆ. ಅಮ್ಮ ಇಲ್ಲ. ಅವಳು ಆಗ ಒಳಗೆ ಅವರಿಗೆಲ್ಲ ಅಡುಗೆ ಮಾಡುತ್ತಿದ್ದಳು. ಬಂದವರು ಕೇಳಿದರೆ ಅಮ್ಮ ಫೋಟೋದ ಮೂಲೆಯಲ್ಲಿ, ಚಿಮಣಿಯ ಮೇಲೆ, ಒಂದು ಬೂದು ಗೆರೆ ತೋರಿಸುತ್ತಾಳೆ. "ಆ ಹೊಗೆ ನಾನು," ಅನ್ನುತ್ತಾಳೆ.

ಈಗಲೂ ಅವಳು ಅತ್ತ ನೋಡಿಯೇ ಕೇಳಿದಳು: "ಅವಳೊಬ್ಬಳು ಇಲ್ಲ ಅಂತ ಸಿನಿಮಾದಲ್ಲಿ ಯಾರೂ ಕೇಳೋದಿಲ್ವೇನೇ?"

"ಗೊತ್ತಿಲ್ಲಮ್ಮ."

"ಕೇಳೋದಿಲ್ಲ ಬಿಡು," ಅಂದಳು ಅಮ್ಮ.

ಸೋಮವಾರ ಕೊನೆಯ ತುಂಡು ಬಂತು. ಕೇಳಲಿಲ್ಲ. ನೀರಿನಿಂದ ಒಬ್ಬೊಬ್ಬರಾಗಿ ಮನುಷ್ಯರು ಏಳುತ್ತಾರೆ, ಗದ್ದಲದಕ್ಕ ಬೆರಳು ಮಡಿಸಿ ಎಣಿಸಿದಳು, ನಲವತ್ತು. ಅಂಗಳದಲ್ಲಿ ಉದ್ದನೆಯ ಮೇಜು, ಮೇಜಿನ ತುಂಬ ಊಟ, ನಟ್ಟನಡುವೆ ದೊಡ್ಡ ತಟ್ಟೆಯಲ್ಲಿ ಇಡಿಯಾಗಿ ಹುರಿದ ಯಾವುದೋ ಹಕ್ಕಿ. ರಾಣಿ ಎದ್ದು ನಿಂತು, ಕೈ ಚಾಚಿ, "ನನ್ನ ಮಕ್ಕಳೇ, ಎಲ್ಲರೂ ಬಂದಿರಾ?" ಎನ್ನಬೇಕು. ಗುಂಪು "ಎಲ್ಲರೂ ಬಂದಿದ್ದೇವೆ!" ಎನ್ನಬೇಕು. ಆಮೇಲೆ ಒಂದು ಉಸಿರಿನಷ್ಟು ನಿಶ್ಶಬ್ದ, ಆಮೇಲೆ ಗಂಟೆ, ಸಂಗೀತ, ಮುಗಿಯಿತು.

ಗದ್ದಲದಕ್ಕ ಕಿವಿಯ ಮೇಲಿನ ಹೆಡ್‌ಫೋನ್ ತೆಗೆದಳು. "ಮೇಷ್ಟ್ರೇ, ಎಲ್ಲರೂ ಬಂದಿಲ್ಲ."

"ಏನಮ್ಮಾ?"

"ನಲವತ್ತೊಂದು ಬಾತು ನೀರಿಗೆ ಬಿದ್ದಿದ್ದು. ನಲವತ್ತು ಜನ ಎದ್ದು ಬಂದಿದಾರೆ. ಒಬ್ಬಳನ್ನ ರಾಜಕುಮಾರ ತಿಂದಿದಾನೆ, ನಾಲ್ಕನೇ ತುಂಡಲ್ಲಿ."

"ಅದು ಬಾತು ಕಣಮ್ಮಾ."

"ಇವರೂ ಬಾತೇ ಆಗಿದ್ರಲ್ಲ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಚಿತ್ರ ಬರೆದವರೂ ನಮ್ಮ ಹಾಗೆಯೇ ಬೇರೆ ಬೇರೆ ಕೋಣೆಯಲ್ಲಿ ಕೂತು ತಮ್ಮ ತಮ್ಮ ತುಂಡು ಬರೆದಿರುತ್ತಾರೆ, ಒಬ್ಬನ ಬಾತು ಇನ್ನೊಬ್ಬನ ಊಟವಾಗಿದೆ, ಅದಕ್ಕೆ ನಾವೇನು ಮಾಡಲು ಸಾಧ್ಯ ಎಂದು ಒಂದು ಸಣ್ಣ ಭಾಷಣ ಮಾಡಿದರು. ಆಮೇಲೆ ಕೇಳಿದರು: "ಮಾತು ತುಟಿಗೆ ಹೊಂದುತ್ತಾ ಇಲ್ವಾ? ಅದು ಹೇಳು."

"ಹೊಂದುತ್ತೆ."

"ಹಾಗಾದ್ರೆ ಮುಗೀತು. ಮಕ್ಕಳ ಸಿನಿಮಾ ಇದು. ಮಕ್ಕಳು ಕೂತ್ಕೊಂಡು ಎಣಿಸ್ತಾವಾ?"

ರಾಣಿಯ ಮಾತನ್ನು ಅವಳು ಹೇಳಿದಳು. "ಎಲ್ಲರೂ ಬಂದಿರಾ?" ಎಂಬುದು ಪ್ರಶ್ನೆಯಾದ್ದರಿಂದ ಅದರಲ್ಲಿ ಸುಳ್ಳಿರಲಿಲ್ಲ. ಮೇಷ್ಟ್ರು ಖುಷಿಯಾಗಿ ಹೆಬ್ಬೆಟ್ಟು ಎತ್ತಿದರು. ಮುಂದಿನದು ಗುಂಪು. ಆ ದೃಶ್ಯದಲ್ಲಿ ಗುಂಪಿಗೆ ಬೆನ್ನಷ್ಟೇ ಇತ್ತು, ಎಲ್ಲರೂ ರಾಣಿಯ ಕಡೆ ತಿರುಗಿದ್ದರು. ತುಟಿಯಿಲ್ಲದ ಕಡೆ ಮೇಷ್ಟ್ರಿಗೆ ಕೆಲಸವಿಲ್ಲ. ಗುಂಪಿನ ರೆಕಾರ್ಡಿಂಗ್ ಬಂದರೆ ಅವರು ಹಾಳೆಯ ಮೇಲೆ "ತುಟಿ ಸರಿ ಇದೆ" ಎಂದು ಮೊದಲೇ ಸಹಿ ಹಾಕಿ ಟೀ ಕುಡಿಯಲು ಕೆಳಗೆ ಹೋಗುತ್ತಿದ್ದರು. ಇಪ್ಪತ್ತಾರು ವರ್ಷದ ಪದ್ಧತಿ. ಅವತ್ತೂ ಹೋದರು.

ಗುಂಪಿನ ಮಾತನ್ನು ಅವಳು ಒಂದರ ಮೇಲೊಂದು ಎಂಟು ಸಲ ಹೇಳುತ್ತಿದ್ದಳು: ಒಮ್ಮೆ ಹುಡುಗಿಯಾಗಿ, ಒಮ್ಮೆ ಮುದುಕಿಯಾಗಿ, ಒಮ್ಮೆ ಮೂಗು ಕಟ್ಟಿದವಳಾಗಿ. ಏಳು ಸಲ "ಎಲ್ಲರೂ ಬಂದಿದ್ದೇವೆ!" ಎಂದಳು. ಒಂದೊಂದು ಸಲವೂ ಬಾಯಿ ಕಹಿಯಾಯಿತು. ಗುಂಪಿನಲ್ಲಿ ಏನು ಬೇಕಾದರೂ ಹೇಳಿ ಹಗುರಾಗುತ್ತಿದ್ದವಳಿಗೆ ಇದೊಂದು ಮಾತು ಹೊರಲಾರದಷ್ಟು ಭಾರವಾಯಿತು. ಎಂಟನೇ ಸಲಕ್ಕೆ ಅವಳು ಸುಮ್ಮನೆ ನಿಂತಳು. ಪರದೆಯ ಮೇಲೆ ಗುಂಪಿನ ಮಾತು ಮುಗಿಯಿತು. ಆ ಒಂದು ಉಸಿರಿನ ನಿಶ್ಶಬ್ದ ಬಂತು. ಅವಳು ಬಾಯಿ ತೆರೆದಳು. ಹೊರಗೆ ಬಂದದ್ದು ಹುಡುಗಿಯ ದನಿಯಲ್ಲ, ಮುದುಕಿಯ ದನಿಯೂ ಅಲ್ಲ. ಸೌಟು ಹಿಡಿದು ಮೂರು ಮಹಡಿ ಹತ್ತಿದವಳ ದನಿ.

"ಅಡುಗೆಯಕ್ಕ ಬಂದಿಲ್ಲ!"

ಗಾಜಿನ ಆಚೆ ಸೌಂಡಿನವನು ತಲೆಯೆತ್ತಿದ. ಗ್ಯಾಸ್ ಮುಗಿದದ್ದು, ನಲ್ಲಿ ಸೋರಿದ್ದು ಎಲ್ಲ ಇಷ್ಟು ವರ್ಷ ಕೇಳಿಸಿಕೊಂಡವನು ಅವನೊಬ್ಬನೇ. ಒಮ್ಮೆಯೂ ಯಾರಿಗೂ ಹೇಳಿರಲಿಲ್ಲ.

"ಇನ್ನೊಂದು ತಗೊಳ್ಲಾ, ಅಕ್ಕಾ?"

"ಬೇಡ."

"ಇದನ್ನೇ ಇಟ್ಕೊಳ್ಲಾ?"

"ಇಟ್ಕೊ."

ಅವನು ಇಟ್ಟುಕೊಂಡ. ಇಟ್ಟುಕೊಂಡದ್ದಷ್ಟೇ ಅಲ್ಲ, ಗಂಟೆಯ ಸದ್ದನ್ನು ಚೂರು ಹಿಂದಕ್ಕೆ ತಳ್ಳಿ ಅದಕ್ಕೆ ಜಾಗ ಮಾಡಿಕೊಟ್ಟ.

ಬಿಡುಗಡೆಗೆ ನಾಲ್ಕು ದಿನ ಇರುವಾಗ, ಮಧ್ಯಾಹ್ನ, ಅವಳು ಈರುಳ್ಳಿ ಹೆಚ್ಚುತ್ತಿದ್ದಾಗ ಮೇಷ್ಟ್ರ ಫೋನು ಬಂತು. ಪಿಸುಮಾತು. ಪೂರ್ತಿ ಸಿನಿಮಾವನ್ನು ಆಗಷ್ಟೇ ಮೊದಲ ಸಲ ಕೇಳಿದ್ದರು.

"ಏನಮ್ಮಾ ಮಾಡಿಟ್ಟಿದೀಯ? ಹಾಳೆ ಮೇಲೆ ನನ್ನ ಸಹಿ ಇದೆ!"

"ತುಟಿ ತಪ್ಪಿಲ್ಲ ಮೇಷ್ಟ್ರೇ."

"ತುಟಿ ಮನೆ ಹಾಳಾಗ್ಲಿ!" ಅಂದರು ಮೇಷ್ಟ್ರು. ಜೀವಮಾನದಲ್ಲಿ ಮೊದಲ ಸಲ ಅವರ ಬಾಯಲ್ಲಿ ಆ ಮಾತು ಬಂದದ್ದು. "ಕಂಪನಿಯವರಿನ್ನೂ ಕೇಳಿಲ್ಲ. ಎಲ್ಲ ದನಿ ಬೆರೆಸಿಬಿಟ್ಟಾಗಿದೆ, ಅದೊಂದನ್ನೇ ಕೀಳೋಕಾಗಲ್ಲ. ನಾಳೆ ಬೆಳಿಗ್ಗೆ ಬಾ, ಹತ್ತು ನಿಮಿಷದ ಕೆಲಸ. ಎಲ್ಲರೂ ಬಂದಿದ್ದೇವೆ ಅಂತ ಕೂಗಿ ಹೋಗು. ಬೇರೆಯವರನ್ನ ಕರೆಸಿದ್ರೆ ಯಾಕೆ ಅಂತ ಅವರು ಕೇಳ್ತಾರೆ, ನನ್ನ ಸಹಿ ಹೊರಗೆ ಬರುತ್ತೆ. ನೀನೇ ಬರ್ಬೇಕು."

"ಬರದಿದ್ರೆ?"

"ಹೆಸರಿನ ಪಟ್ಟಿ ಇನ್ನೂ ನನ್ನ ಮೇಜಿನ ಮೇಲೇ ಇದೆ," ಅಂದರು.

ಪಕ್ಕದ ಕೋಣೆಯಲ್ಲಿ ಅಮ್ಮ ಕಿಟಕಿಗೆ ಆತುಕೊಂಡು ಯಾರಿಗೋ ಹೇಳುತ್ತಿದ್ದಳು: "ಭಾನುವಾರ ನಾವೂ ಹೋಗ್ತೀವಿ. ಹೆಸರು ನೋಡ್ಕೊಂಡೇ ಎದ್ದು ಬರೋದು." ಗದ್ದಲದಕ್ಕ ಚಾಕು ಕೆಳಗಿಟ್ಟಳು. ಅವಳಿಗೆ ಹೆಸರು ಬೇಕಿತ್ತು. ಬೇಡವೆಂದು ದೊಡ್ಡಸ್ತಿಕೆ ತೋರಿಸುವ ಪೈಕಿ ಅವಳಲ್ಲ. ಹದಿನೈದು ದಿನದಿಂದ ಸ್ನಾನದ ಕೋಣೆಯಲ್ಲಿ "ರಾಣಿಗೆ ಧ್ವನಿ" ಎಂದು ಹೇಳಿ, ಆಮೇಲೆ ತನ್ನ ಹೆಸರು ಹೇಳಿ, ಹೇಗೆ ಕೇಳಿಸುತ್ತದೆಂದು ನೋಡಿದ್ದಳು. ಚೆನ್ನಾಗಿ ಕೇಳಿಸಿತ್ತು.

"ಹೆಸರು ಹೊಡೆದುಹಾಕಿ, ಮೇಷ್ಟ್ರೇ," ಅಂದಳು.

ಫೋನಿಟ್ಟು ಮತ್ತೆ ಹೆಚ್ಚಲು ಕೂತಳು. ಕಣ್ಣಲ್ಲಿ ನೀರು ಸುರಿಯಿತು. ಎದುರಿಗೆ ಈರುಳ್ಳಿ ಇದ್ದದ್ದು ಒಳ್ಳೆಯದಾಯಿತು. ಅಮ್ಮನಿಗೆ ಏನೂ ಹೇಳಲಿಲ್ಲ.

ಭಾನುವಾರ ಬೆಳಗಿನ ಆಟ. ಅಮ್ಮ ಪೆಟ್ಟಿಗೆಯ ತಳದಲ್ಲಿದ್ದ ಒಳ್ಳೆಯ ಬಟ್ಟೆ ಉಟ್ಟು, ಟ್ಯಾಕ್ಸಿಯಲ್ಲಿ ಮುಂದೆ ಕೂತು, ಥಿಯೇಟರಿನ ಮೆಟ್ಟಿಲನ್ನು ಒಂದೊಂದಾಗಿ ಬೈಯುತ್ತ ಹತ್ತಿದಳು. ಒಳಗೆ ಮಕ್ಕಳೋ ಮಕ್ಕಳು, ಕಾಲಿಟ್ಟಲ್ಲೆಲ್ಲ ಪಾಪ್‌ಕಾರ್ನು. ಅಮ್ಮ ಕೂತ ತಕ್ಷಣ ಚಪ್ಪಲಿ ಕಳಚಿ ಕಾಲು ಚಾಚಿದಳು.

ರಾಣಿ ಮಾತಾಡಿದಾಗ ಅಮ್ಮ ಅಕ್ಕಪಕ್ಕದವರ ಕಡೆ ತಿರುಗಿ ತಿರುಗಿ ನೋಡಿದಳು. ರಾಜಕುಮಾರ ಬಾತು ಹಿಡಿದಾಗ ಕ್ವಾಕ್ ಕೇಳಿ ಥಿಯೇಟರೆಲ್ಲ ನಕ್ಕಿತು. ಅಮ್ಮ ನಗಲಿಲ್ಲ. ಮುಂದಿನ ಸಾಲಿನಲ್ಲಿ ಆರೇಳು ವರ್ಷದ ಹುಡುಗಿಯೊಬ್ಬಳೂ ನಗಲಿಲ್ಲ.

"ಅಪ್ಪಾ, ಅದು ಯಾವ ಬಾತು?"

"ಯಾವುದೋ ಒಂದು, ಪುಟ್ಟಾ. ನೋಡು ನೋಡು, ತೇಗ್ತಾ ಇದಾನೆ!"

"ಎದೆ ಮೇಲೆ ಬಿಳಿ ಇತ್ತಲ್ಲಪ್ಪಾ."

"ಶ್ಶ್."

ಕೊನೆಯ ತುಂಡು ಬಂತು. ಗದ್ದಲದಕ್ಕ ಕುರ್ಚಿಯ ತುದಿಗೆ ಸರಿದಳು. ಕಂಪನಿಯವರು ಕೇಳಿ ಕಿತ್ತುಹಾಕಿದ್ದರೆ? ಮೇಷ್ಟ್ರು ಹೇಗೋ ಅಳಿಸಿದ್ದರೆ? ಹೆಸರೂ ಹೋಗಿ ಕೂಗೂ ಹೋಗಿದ್ದರೆ ತಾನು ಏನು ಮಾಡಿದಂತಾಯಿತು? ಪರದೆಯ ಮೇಲೆ ರಾಣಿ ಕೈ ಚಾಚಿದಳು. "ನನ್ನ ಮಕ್ಕಳೇ, ಎಲ್ಲರೂ ಬಂದಿರಾ?"

"ಎಲ್ಲರೂ ಬಂದಿದ್ದೇವೆ!"

ಒಂದು ಉಸಿರು. ಆಮೇಲೆ ಹಿಂದಿನಿಂದ, ಎಲ್ಲರಿಗಿಂತ ಹಿಂದಿನಿಂದ, ಸ್ಪಷ್ಟವಾಗಿ:

"ಅಡುಗೆಯಕ್ಕ ಬಂದಿಲ್ಲ!"

ಗಂಟೆ ಮೊಳಗಿತು. ಆದರೆ ಗಂಟೆಯನ್ನು ಯಾರೂ ಕೇಳಲಿಲ್ಲ. ಮುಂದಿನ ಸಾಲಿನ ಹುಡುಗಿ ಕುರ್ಚಿಯ ಮೇಲೆ ಎದ್ದು ನಿಂತು, ಇಡೀ ಥಿಯೇಟರಿಗೆ ಕೇಳುವಂತೆ ಕಿರುಚಿದಳು: "ನಾನ್ ಹೇಳ್ಲಿಲ್ವಾ! ಅವಳನ್ನ ಅವನೇ ತಿಂದ್ಬಿಟ್ಟ!"

"ಹೌದು, ತಿಂದ್ಬಿಟ್ಟ!" ಎಂದಿತು ಎಡಗಡೆಯಿಂದ ಇನ್ನೊಂದು ಮಗು. "ನಾನೂ ನೋಡ್ದೆ!" ಎಂದಿತು ಮತ್ತೊಂದು. ಆಮೇಲೆ ಹತ್ತು, ಆಮೇಲೆ ಐವತ್ತು. "ತಿಂದ್ಬಿಟ್ಟ! ತಿಂದ್ಬಿಟ್ಟ!" ಅಪ್ಪ ಅಮ್ಮಂದಿರು ಬಾಯಿ ಮುಚ್ಚಿಸಲು ಹೆಣಗುತ್ತಿದ್ದರು. ಪರದೆಯ ಮೇಲೆ ರಾಜಕುಮಾರ ಇದಾವುದರ ಪರಿವೆಯಿಲ್ಲದೆ ನಡುವಿನ ತಟ್ಟೆಗೆ ಚಾಕು ಹಾಕುತ್ತಿದ್ದ. ಇಷ್ಟು ದೊಡ್ಡ ಗುಂಪಿಗೆ ಗದ್ದಲದಕ್ಕ ಒಬ್ಬಳೇ ಎಂದೂ ದನಿ ಕೊಟ್ಟಿರಲಿಲ್ಲ.

ದೀಪ ಹತ್ತಿತು. ಹೆಸರುಗಳು ಓಡತೊಡಗಿದವು. ಅಮ್ಮ ಕನ್ನಡಕ ಏರಿಸಿಕೊಂಡು, ಒಂದೊಂದು ಹೆಸರನ್ನೂ ತುಟಿಯಲ್ಲೇ ಓದಿಕೊಂಡಳು. ರಾಜಕುಮಾರ, ರಾಜಕುಮಾರಿ, ಮಾಟಗಾತಿ, ಕುದುರೆ. ಟೀ. ಮತ್ತು ಇತರರು. ಪರದೆ ಕಪ್ಪಾಯಿತು.

"ನಿನ್ನದು?"

"ತೆಗೆದ್ರು, ಅಮ್ಮ."

"ಯಾಕೆ?"

ಗದ್ದಲದಕ್ಕ ಬಾಗಿಲ ಕಡೆ ನೋಡಿದಳು. ಹೊರಗಿನ ಪಡಸಾಲೆಯಿಂದ ಇನ್ನೂ ಮಕ್ಕಳ ಕೂಗು ಬರುತ್ತಿತ್ತು. ಅಮ್ಮ ಅದಕ್ಕೆ ಕಿವಿಗೊಟ್ಟಳು.

"ನಿನ್ನ ಆ ಕೂಗಿಗಾ?"

"ಹೂಂ."

ಅಮ್ಮ ಕಾಲಿನಿಂದ ನೆಲ ತಡಕಿದಳು. ಒಂದು ಚಪ್ಪಲಿ ಸಿಕ್ಕಿತು, ಇನ್ನೊಂದು ಗದ್ದಲದಲ್ಲಿ ಯಾರ ಕಾಲಿಗೋ ಸಿಕ್ಕಿ ಎಲ್ಲೋ ಹೋಗಿತ್ತು. ಗದ್ದಲದಕ್ಕ ಮಂಡಿಯೂರಿ ಕುರ್ಚಿಗಳ ಕೆಳಗೆ ಬಗ್ಗಿ ಹುಡುಕತೊಡಗಿದಳು. ಏಳಲು ಆಸರೆಗೆಂದು ಅಮ್ಮ ಅವಳ ತಲೆಯ ಮೇಲೆ ಕೈಯಿಟ್ಟಳು, ಏಳಲಿಲ್ಲ, ಕೈ ಅಲ್ಲೇ ಇತ್ತು.

"ಮೂವತ್ತೊಂದು ವರ್ಷ ನಾನು ಒಂದು ದಿನ ರಜ ಹಾಕ್ಲಿಲ್ಲ ಕಣೇ," ಅಂದಳು. "ಎಲ್ಲರೂ ನನ್ನ ನಿಷ್ಠೆ ಅಂದ್ಕೊಂಡ್ರು. ನಾನು ಬರದೇ ಇದ್ದ ದಿನ ಯಾರೂ ಕೇಳದೇ ಹೋದ್ರೆ ಏನ್ಮಾಡೋದು ಅಂತ ಹೆದರಿಕೆ ನನಗೆ."

ಎರಡು ಸಾಲು ಮುಂದೆ, ಪಾಪ್‌ಕಾರ್ನಿನ ಖಾಲಿ ಪೊಟ್ಟಣದ ಕೆಳಗೆ ಚಪ್ಪಲಿ ಸಿಕ್ಕಿತು. ಗದ್ದಲದಕ್ಕ ಅದನ್ನು ಒರೆಸಿ ತಂದು, ಅಮ್ಮನ ಕಾಲಿಗೆ ತೊಡಿಸಿದಳು.